ಹಳೆಯ ಹಾಯಿದೋಣಿಯ ಡೆಕ್ಕಿಗೆ ಕೃತಕ ತೇಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಕುಂದಾಪುರದ ಕಡೆಯವನು. ಹದಿನಾರು ವರ್ಷಗಳಿಂದ ಅಮೆರಿಕದ ಮೇರಿಲ್ಯಾಂಡ್‌ನಲ್ಲಿದ್ದೇನೆ. ಕಳೆದ ವರ್ಷ ಅನ್ನಾಪೊಲಿಸ್ ಸಮೀಪ 36 ಅಡಿಯ ಹಳೆಯ ಹಾಯಿದೋಣಿಯೊಂದನ್ನು ಕೊಂಡೆ. 1982ರಲ್ಲಿ ತೈವಾನಿನಲ್ಲಿ ಕಟ್ಟಿದ್ದು. ಒಡಲು ಫೈಬರ್‌ಗ್ಲಾಸಿನದು, ಡೆಕ್ಕಿನ ಮೇಲೆ ತೇಗದ ಹಲಗೆ ಹಾಸಿದೆ. ಹಲಗೆಗಳು ಸವೆದಿವೆ, ಸಂದುಗಳಲ್ಲಿನ ಕಪ್ಪು ರಬ್ಬರು ಅಲ್ಲಲ್ಲಿ ಎದ್ದಿದೆ, ಮಳೆ ಬಂದರೆ ಮಲಗುವ ಜಾಗದ ಮೇಲೆ ಎರಡು ಕಡೆ ತೊಟ್ಟಿಕ್ಕುತ್ತದೆ. ಹೊಸ ತೇಗದ ಬೆಲೆ ನನ್ನ ಕೈಗೆ ಎಟುಕದು. ಹಳೆಯ ಹಲಗೆಯನ್ನೇ ಉಜ್ಜಿ ಸಮ ಮಾಡಿ, ಅದರ ಮೇಲೆ ಪಿವಿಸಿಯ ಕೃತಕ ತೇಗದ ಹಾಳೆಯನ್ನು ಅಂಟಿಸಬಹುದೇ?
— ಓದುಗರೊಬ್ಬರು, ಮೇರಿಲ್ಯಾಂಡ್

ಉತ್ತರ: ದಯವಿಟ್ಟು ಅಂಟಿಸಬೇಡಿ. ಮಲಗುವ ಜಾಗದ ಮೇಲೆ ತೊಟ್ಟಿಕ್ಕುತ್ತಿದೆ ಎಂಬ ನಿಮ್ಮ ಒಂದು ಮಾತಿನಿಂದಲೇ ಡೆಕ್ಕಿನ ಹೊಟ್ಟೆಯೊಳಗೆ ನೀರು ಸೇರಿದೆ ಎಂದು ಹೇಳಬಹುದು.

ಆ ಕಾಲದ ತೈವಾನಿನ ದೋಣಿಗಳಲ್ಲಿ ಡೆಕ್ಕು ಮೂರು ಪದರದ್ದು. ಮೇಲೊಂದು, ಕೆಳಗೊಂದು ಫೈಬರ್‌ಗ್ಲಾಸಿನ ತೊಗಲು. ನಡುವೆ ಹಗುರವಾದ ಬಾಲ್ಸಾ ಮರ ಅಥವಾ ಚೌಕವಾಗಿ ಕತ್ತರಿಸಿದ ಪ್ಲೈವುಡ್ ತುಂಡುಗಳು. ಇದರ ಮೇಲೆ ಸುಮಾರು 12 ಮಿಲಿಮೀಟರ್ ದಪ್ಪದ ತೇಗದ ಹಲಗೆಗಳನ್ನಿಟ್ಟು, ಗೇಣಿಗೊಂದರಂತೆ ಸ್ಕ್ರೂ ಬಿಗಿದು, ಸ್ಕ್ರೂವಿನ ತಲೆ ಕಾಣದಂತೆ ಅದೇ ತೇಗದ ಬಿರಡೆ ಬಡಿಯುತ್ತಿದ್ದರು. ನಿಮ್ಮ ದೋಣಿಯಷ್ಟು ದೊಡ್ಡದರಲ್ಲಿ ಇಂಥ ಸ್ಕ್ರೂಗಳು ಸಾವಿರಕ್ಕೂ ಮಿಕ್ಕಿ ಇರುತ್ತವೆ. ಅಂದರೆ ನೀರು ಬಿಡಬಾರದ ಮೇಲಿನ ತೊಗಲಿಗೆ ಕಟ್ಟಿದವರೇ ಸಾವಿರ ತೂತು ಕೊರೆದಿದ್ದಾರೆ. ಹಲಗೆ ದಪ್ಪವಿರುವವರೆಗೆ ಇದರಿಂದ ತೊಂದರೆಯಿಲ್ಲ. ನಲವತ್ತು ವರ್ಷ ಗಟ್ಟಿ ಬ್ರಷ್ಷಿನಿಂದ ತಿಕ್ಕಿ ತಿಕ್ಕಿ ಹಲಗೆ ತೆಳುವಾದಾಗ ಬಿರಡೆಯೂ ಎಂಟಾಣೆ ನಾಣ್ಯದಷ್ಟು ತೆಳ್ಳಗಾಗಿ ಒಂದು ದಿನ ಹಾರಿಹೋಗುತ್ತದೆ. ಆಮೇಲೆ ನೀರು ಸ್ಕ್ರೂವಿನ ಗುಂಟ ಇಳಿದು ನಡುವಿನ ಮರವನ್ನು ಸೇರುತ್ತದೆ. ಕೆಳಗಿನ ತೊಗಲು ಅದನ್ನು ಹೊರಗೆ ಬಿಡುವುದಿಲ್ಲವಾದ್ದರಿಂದ ನೀರು ಒಳಗೊಳಗೇ ಹರಿದು ಯಾವುದೋ ಬೋಲ್ಟಿನ ಬಳಿ ತೊಟ್ಟಿಕ್ಕುತ್ತದೆ. ಆದ್ದರಿಂದ ನೀರು ಕಾಣುವ ಜಾಗದ ನೇರ ಮೇಲೆ ತೂತು ಹುಡುಕಿದರೆ ಸಿಗದೆ ಹೋಗಬಹುದು. ನಿಮ್ಮಲ್ಲಿ ಚಳಿಗಾಲವೂ ಗಟ್ಟಿ. ಒಳಗೆ ನಿಂತ ನೀರು ಹೆಪ್ಪುಗಟ್ಟಿ ಹಿಗ್ಗಿದಾಗ ಮರಕ್ಕೂ ತೊಗಲಿಗೂ ಇದ್ದ ಬೆಸುಗೆ ಬಿಡುತ್ತದೆ.

ಇಂಥ ಡೆಕ್ಕಿನ ಮೇಲೆ ಪಿವಿಸಿ ಹಾಳೆ ಅಂಟಿಸುವುದೆಂದರೆ ಒದ್ದೆ ಭತ್ತವನ್ನು ಪಣತಕ್ಕೆ ತುಂಬಿ ಬಾಗಿಲು ಮೆತ್ತಿದಂತೆ. ನಾನು ಕೆಲಸ ಮಾಡುತ್ತಿದ್ದ ದೋಣಿ ದುರಸ್ತಿಯ ಅಂಗಳವೊಂದರಲ್ಲಿ ಮಾಲೀಕರ ಅವಸರಕ್ಕೆ ಕಟ್ಟುಬಿದ್ದು ಒಮ್ಮೆ ಹಾಗೆಯೇ ಮಾಡಿದ್ದೆವು. ಮೊದಲ ಬೇಸಗೆಯಲ್ಲಿಯೇ ಹಾಳೆ ಅಲ್ಲಲ್ಲಿ ಹಪ್ಪಳದಂತೆ ಉಬ್ಬಿತು. ಕಿತ್ತು ನೋಡಿದರೆ ಅಂಟು ಹಾಳೆಗೆ ಭದ್ರವಾಗಿಯೇ ಹಿಡಿದುಕೊಂಡಿತ್ತು. ಕೆಳಗಿನ ತೇಗದ ಸವೆದ ಎಳೆಗಳೇ ಅಂಟಿನ ಜೊತೆ ಸುಲಿದು ಬಂದಿದ್ದವು.

ಹಾಗಾಗಿ ಮೊದಲ ಕೆಲಸ ಪರೀಕ್ಷೆ. ಹಲಸಿನ ಹಣ್ಣನ್ನು ತಟ್ಟಿ ನೋಡುತ್ತೇವಲ್ಲ, ಹಾಗೆ ಪ್ಲಾಸ್ಟಿಕ್ ತಲೆಯ ಸಣ್ಣ ಸುತ್ತಿಗೆಯಿಂದ ಡೆಕ್ಕನ್ನು ಅಂಗೈ ಅಗಲದಷ್ಟು ದೂರಕ್ಕೊಮ್ಮೆ ತಟ್ಟುತ್ತ ಹೋಗಿ. ಗಟ್ಟಿ ಜಾಗದಲ್ಲಿ ಸದ್ದು ಟಣ್ ಎನ್ನುತ್ತದೆ, ಕೊಳೆತ ಜಾಗದಲ್ಲಿ ದೊಬ್ಬೆನ್ನುತ್ತದೆ. ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಳ್ಳಿ. ತೇವ ಅಳೆಯುವ ಮೀಟರು ತೇಗದ ಹಲಗೆಯ ಮೇಲಿಟ್ಟರೆ ಹಲಗೆಯ ತೇವವನ್ನೇ ತೋರಿಸಿ ದಾರಿ ತಪ್ಪಿಸುತ್ತದೆ. ಗುರುತು ಹಾಕಿದ ಕಡೆ ಕ್ಯಾಬಿನ್ನಿನ ಒಳಗಿನಿಂದ, ಕೆಳತೊಗಲಿಗೆ ಮಾತ್ರ, 5 ಮಿಲಿಮೀಟರಿನ ತೂತು ಕೊರೆದು ಡ್ರಿಲ್ಲಿಗೆ ಸಿಕ್ಕಿಬಂದ ಹುಡಿಯನ್ನು ಬೆರಳಲ್ಲಿ ಹಿಸುಕಿ ನೋಡಿ. ಬೆಳ್ಳಗೆ, ಒಣಗಿ ಬಂದರೆ ಒಳ್ಳೆಯದು. ಕಾಫಿಗಸಿಯಂತೆ ಕಪ್ಪಗೆ ಮೆತ್ತಗೆ ಬಂದರೆ ಅಲ್ಲಿ ಕತ್ತರಿಸುವುದೊಂದೇ ದಾರಿ. ಕೊಳೆತ ಮರವನ್ನು ಹೀಟರು ಇಟ್ಟು ಒಣಗಿಸಿ ಉಳಿಸಿಕೊಳ್ಳುತ್ತೇನೆಂಬ ಆಸೆ ಬೇಡ.

ಹಲಗೆಗಳನ್ನೆಲ್ಲ ಉಳಿಯಿಂದ ಎಬ್ಬಿಸಿ, ಸ್ಕ್ರೂ ತೆಗೆದು, ಹಳೆಯ ಅಂಟನ್ನು ಕೆರೆದಾದ ಮೇಲೆ ಕೊಳೆತ ಭಾಗದ ಮೇಲಿನ ತೊಗಲನ್ನಷ್ಟೇ, ಗರಗಸದ ಆಳವನ್ನು ಅಷ್ಟಕ್ಕೇ ಕಟ್ಟಿಟ್ಟು, ಚೌಕವಾಗಿ ಕತ್ತರಿಸಿ ಮುಚ್ಚಳದಂತೆ ಎತ್ತಿಡಿ. ಒಳಗಿನ ಮರವನ್ನು ಕೆರೆದು ತೆಗೆದು, ಹೊಸ ಬಾಲ್ಸಾ ಇಟ್ಟು, ಎಪಾಕ್ಸಿ ಎಂಬ, ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಅಂಟಿನಲ್ಲಿ ಅದೇ ಮುಚ್ಚಳವನ್ನು ಕೂರಿಸಿ, ಕತ್ತರಿಸಿದ ಗೆರೆಯನ್ನು ಇಳಿಜಾರಾಗಿ ಉಜ್ಜಿ ಫೈಬರ್‌ಗ್ಲಾಸ್ ಬಟ್ಟೆಯಿಂದ ಬೆಸೆಯಬೇಕು. ಇಡೀ ಡೆಕ್ಕನ್ನು ಒಂದೇ ಸಲ ತೆರೆಯಬಾರದು. ಅದರ ಬೆನ್ನಿನ ಬಾಗು ಕುಸಿದರೆ ಮತ್ತೆ ತರುವುದು ಕಷ್ಟ. ಒಂದೊಂದು ಚೌಕ ಮುಗಿಸಿ ಮುಂದಕ್ಕೆ ಹೋಗಿ, ಕೆಳಗಿನಿಂದ ಆಸರೆ ಕೊಡಿ.

ಮರ ಗಟ್ಟಿಯಿದ್ದ ಕಡೆಯೂ ಸ್ಕ್ರೂ ತೂತುಗಳು ಉಳಿದಿರುತ್ತವೆ. ಇವುಗಳಿಗೆ ಬರೀ ಪುಟ್ಟಿ ಮೆತ್ತಿ ಮುಗಿಸಬೇಡಿ. ಒಂದು ಮೊಳೆಯ ತುದಿಯನ್ನು ಎಲ್ ಆಕಾರಕ್ಕೆ ಬಾಗಿಸಿ, ಡ್ರಿಲ್ಲಿಗೆ ಸಿಕ್ಕಿಸಿ, ತೂತಿನೊಳಗೆ ಇಳಿಸಿ ತಿರುಗಿಸಿದರೆ ಮೇಲಿನ ತೂತು ಹಿಗ್ಗದೆ ಒಳಗಿನ ಮರ ಮಾತ್ರ ಸುತ್ತಲೂ ಅರ್ಧ ಬೆರಳಗಲ ಪುಡಿಯಾಗುತ್ತದೆ. ಪುಡಿಯನ್ನು ಹೀರಿ ತೆಗೆದು, ಮೊದಲು ತೆಳು ಎಪಾಕ್ಸಿ ಹೊಯ್ದು ಮರ ಕುಡಿಯಲು ಬಿಟ್ಟು, ಅದು ಗಟ್ಟಿಯಾಗುವ ಮೊದಲೇ ಸಿಲಿಕಾ ಪುಡಿ ಬೆರೆಸಿ ಮಂದ ಮಾಡಿದ ಎಪಾಕ್ಸಿಯನ್ನು ಸಿರಿಂಜಿನಿಂದ ತುಂಬಿ. ಸಾವಿರ ತೂತಿಗೂ ಹೀಗೆಯೇ. ಬೇಸರದ ಕೆಲಸವೆಂಬುದು ನಿಜ, ಆದರೆ ಡೆಕ್ಕಿನ ಆಯುಸ್ಸು ನಿರ್ಧಾರವಾಗುವುದು ಇಲ್ಲಿಯೇ. ಅದರ ಮೇಲೆ ಬರುವ 5 ಮಿಲಿಮೀಟರ್ ಪ್ಲಾಸ್ಟಿಕ್ಕು ಬರೀ ಉಡುಗೆ.

ಎಪಾಕ್ಸಿ ಗಟ್ಟಿಯಾದ ಮೇಲೆ ಅದರ ಮೈಮೇಲೆ ಮೇಣದಂಥ ಜಿಡ್ಡು ಕೂರುತ್ತದೆ. ನಿಮ್ಮೂರಿನ ಚೆಸಪೀಕ್ ಕೊಲ್ಲಿಯ ಬೇಸಗೆಯ ತೇವದಲ್ಲಿ ಇನ್ನೂ ಹೆಚ್ಚು. ಅದು ಅಸಿಟೋನಿಗೆ ಬಗ್ಗುವುದಿಲ್ಲ, ನೀರಿಗೆ ಬಗ್ಗುತ್ತದೆ. ಮೊದಲು ನೀರು ಹಾಕಿ ಒರಟು ಪ್ಯಾಡಿನಿಂದ ತಿಕ್ಕಿ ತೊಳೆದು, ಒಣಗಿದ ಮೇಲೆ 80ನೇ ನಂಬರಿನ ಉಪ್ಪುಕಾಗದದಿಂದ ಉಜ್ಜಿ. ಕ್ರಮ ಅದಲು ಬದಲಾದರೆ ಜಿಡ್ಡನ್ನು ಗೀರಿನೊಳಗೆ ತುಂಬಿದಂತಾಗುತ್ತದೆ, ಅಂಟು ನಿಲ್ಲುವುದಿಲ್ಲ.

ಈ ಹಂತಕ್ಕೆ ಬಂದಾಗ ನಿಮ್ಮ ಕೈಯಲ್ಲಿ ನೀರು ಬಿಡದ ಡೆಕ್ಕೊಂದು ಇರುತ್ತದೆ. ನನ್ನನ್ನು ಕೇಳಿದರೆ, ಮುಂಭಾಗಕ್ಕೂ ಪಕ್ಕದ ಓಡಾಟದ ಜಾಗಕ್ಕೂ ಜಾರದ ಬಣ್ಣ ಬಳಿದು, ಕೂರುವ ಕಾಕ್‌ಪಿಟ್ಟಿಗೆ ಮಾತ್ರ ಕೃತಕ ತೇಗ ಹಾಕಿ. ಬಣ್ಣದ ಡೆಕ್ಕಿನಲ್ಲಿ ಮುಂದೆ ಬಿರುಕು ಬಂದರೆ ಕಣ್ಣಿಗೆ ಬೀಳುತ್ತದೆ, ಹಾಳೆಯ ಕೆಳಗಿನದು ಬೀಳುವುದಿಲ್ಲ. ದೋಣಿ ಹಗುರವಾಗುತ್ತದೆಂಬ ಮಾರಾಟಗಾರರ ಮಾತನ್ನೂ ಲೆಕ್ಕ ಹಾಕಿ ನೋಡಿ: 15 ಚದರ ಮೀಟರಿಗೆ 12 ಮಿಲಿಮೀಟರಿನ ಹೊಸ ತೇಗ ಸುಮಾರು 117 ಕಿಲೋ ತೂಗುತ್ತದೆ, ಆದರೆ ನಿಮ್ಮಲ್ಲಿರುವುದು ಸವೆದ ತೇಗ. ಅದು 8 ಮಿಲಿಮೀಟರಿಗೆ ಇಳಿದಿದ್ದರೆ 78 ಕಿಲೋ. ಚದರ ಮೀಟರಿಗೆ 5 ಕಿಲೋದಂತೆ ಪಿವಿಸಿ 75 ಕಿಲೋ. ಉಳಿತಾಯ ಮೂರು ಕಿಲೋ!

ಹಾಕುವುದೇ ಆದರೆ, ಹಾಳೆ ತಯಾರಿಸುವವರಿಗೆ ಕಳಿಸುವ ಅಳತೆಯ ಅಚ್ಚಿನ ವಿಷಯದಲ್ಲಿ ಕೈ ಬಿಗಿ ಹಿಡಿಯಬೇಡಿ. ಹಿಗ್ಗದ ದಪ್ಪ ಪಾಲಿಯೆಸ್ಟರ್ ಹಾಳೆಯನ್ನು ಡೆಕ್ಕಿನ ಮೇಲೆ ಹಾಸಿ, ಅಂಚನ್ನು ಕತ್ತರಿಸಿ, ದೋಣಿಯ ನಡುಗೆರೆಯನ್ನೂ ಮೂತಿ ಯಾವ ಕಡೆ ಎಂಬುದನ್ನೂ ಮೇಲ್ಮುಖ ಯಾವುದೆಂಬುದನ್ನೂ ಪ್ರತಿ ತುಂಡಿನ ಮೇಲೆ ಬರೆಯಿರಿ; ಎಡದ ಅಚ್ಚನ್ನು ಮಗುಚಿಟ್ಟು ಬಲಕ್ಕೆ ಹೊಲಿದ ಅಂಗಿಯಂತೆ ಕೆಟ್ಟ ಉದಾಹರಣೆಗಳನ್ನು ಕಂಡಿದ್ದೇನೆ. ತಯಾರಾಗಿ ಬಂದ ಹಾಳೆಯನ್ನು ಒಂದು ದಿನ ದೋಣಿಯ ಬಳಿಯೇ ಬಿಡಿಸಿಟ್ಟು ಅಲ್ಲಿನ ಬಿಸಿಗೆ ಹೊಂದಿಕೊಳ್ಳಲು ಬಿಡಿ. ಅಂಟನ್ನು ಹಲ್ಲುಕರಣೆಯಿಂದ ಎಳೆದು, ಹಾಳೆಯನ್ನು ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತ ಗಾಳಿ ಹೊರಡಿಸಿ, ಮರಳಿನ ಚೀಲ ಹೇರಿ ಒಂದು ದಿನ ಬಿಡಿ. ರೇಲಿಂಗಿನ ಬುಡ, ಹಗ್ಗ ಕಟ್ಟುವ ಕ್ಲೀಟು ಮುಂತಾದವನ್ನು ಮೆತ್ತನೆಯ ಹಾಳೆಯ ಮೇಲೆ ಬೋಲ್ಟು ಮಾಡಬಾರದು. ಅವು ಗಟ್ಟಿ ಫೈಬರ್‌ಗ್ಲಾಸಿನ ಮೇಲೆಯೇ ಕೂರಲಿ, ಹಾಳೆ ಅವುಗಳ ಸುತ್ತ ನಿಲ್ಲಲಿ.

ಪ್ರಶ್ನೆ: ದುಬೈಯಲ್ಲಿ ನನ್ನ ಬಳಿ 24 ಅಡಿಯ ಹಳೆಯ ಫೈಬರ್ ಹಾಯಿದೋಣಿಯಿದೆ; ಡೆಕ್ಕಿನಲ್ಲಿ ಮರವಿಲ್ಲ. ಕೃತಕ ತೇಗ ಹಾಕಿಸೋಣವೆಂದರೆ ಬಿಸಿಲಿಗೆ ಕಾಲಿಡಲಾಗದು ಎನ್ನುತ್ತಾರೆ. ಇವಿಎ ಎಂಬ ಮೆತ್ತನೆಯ ಪ್ಲಾಸ್ಟಿಕ್ ಫೋಮಿನ ಹಾಳೆ ವಾಸಿಯೇ?
— ಓದುಗರೊಬ್ಬರು, ದುಬೈ

ಉತ್ತರ: ನಿಮಗೆ ಹೇಳಿದವರು ಸರಿಯಾಗಿಯೇ ಹೇಳಿದ್ದಾರೆ. ಗಾಢ ಕಂದು ಬಣ್ಣದ ಪಿವಿಸಿ ಕೊಲ್ಲಿಯ ಬಿಸಿಲಿನಲ್ಲಿ 60 ಡಿಗ್ರಿ ಸೆಲ್ಸಿಯಸ್ ದಾಟುವುದು ಅಪರೂಪವಲ್ಲ. ಮಳೆಬಿಸಿಲಿಗೆ ಬೆಳ್ಳಗಾದ ತೇಗದ ಬೂದಿ ಬಣ್ಣವನ್ನು ಆರಿಸಿದರೆ ತುಸು ತಗ್ಗುತ್ತದೆ, ಮರದಷ್ಟು ತಂಪಂತೂ ಆಗದು. ಬಣ್ಣವನ್ನು ಕಂಪ್ಯೂಟರಿನ ಪರದೆಯಲ್ಲಿ ಆರಿಸಬೇಡಿ: ಮೂರು ನಾಲ್ಕು ಮಾದರಿ ತುಂಡು ತರಿಸಿ, ಡೆಕ್ಕಿನ ಮೇಲೆ ಟೇಪು ಹಾಕಿ, ನಡುಮಧ್ಯಾಹ್ನ ಬರಿಗಾಲಿನಲ್ಲಿ ಒಂದೊಂದರ ಮೇಲೂ ಹತ್ತು ಎಣಿಸುವವರೆಗೆ ನಿಂತು ನೋಡಿ. ಇವಿಎ ಫೋಮು ಕಾಲಿಗೆ ಮೆತ್ತಗೆ, ಹಿಂಬದಿಯ ಕಾಗದ ಸುಲಿದು ಅಂಟಿಸಿದರಾಯಿತು, ಆರಂಭದ ಖರ್ಚೂ ಕಡಿಮೆ. ಆದರೆ ಆಂಕರಿನ ಸರಪಳಿ ಎಳೆದರೆ ಹರಿಯುತ್ತದೆ, ಭಾರ ಇಟ್ಟ ಕಡೆ ಕುಳಿ ಬೀಳುತ್ತದೆ, ಬಿಸಿಲಿಗೆ ಅಂಚು ಕುಗ್ಗಿ ಏಳುತ್ತದೆ. ಕೆಲವು ವರ್ಷಕ್ಕೊಮ್ಮೆ ಬದಲಾಯಿಸಲು ಸಿದ್ಧರಿದ್ದರೆ ಕಾಕ್‌ಪಿಟ್ಟಿಗೆ ಹಾಕಿಸಿ. ಡೆಕ್ಕಿನ ಅಚ್ಚಿನಲ್ಲಿಯೇ ಮೂಡಿದ ಜಾರದ ಉಬ್ಬುಗಳು ಒರಟಾಗಿದ್ದರೆ ಮೊದಲು ಅವನ್ನು ಉಜ್ಜಿ ಸಮ ಮಾಡಲೇಬೇಕು.

ಪ್ರಶ್ನೆ: ಮರದ ಬದಲು ಪ್ಲಾಸ್ಟಿಕ್ ಹಾಸುವುದು ಪರಿಸರಕ್ಕೆ ಹಾನಿಯಲ್ಲವೇ? ತೇಗ ನಮ್ಮ ಕಾಡಿನಲ್ಲಿಯೇ ಬೆಳೆಯುತ್ತದಲ್ಲ?
— ಓದುಗರೊಬ್ಬರು, ದಾಂಡೇಲಿ

ಉತ್ತರ: ದಾಂಡೇಲಿಯವರು ಈ ಪ್ರಶ್ನೆ ಕೇಳಿದ್ದು ಸಹಜವೇ. ಪಶ್ಚಿಮ ಕರಾವಳಿಯ ತೇಗದ ಬಾಳಿಕೆಗೆ ಸಾಕ್ಷಿ ಬೇಕಾದರೆ, 1817ರಲ್ಲಿ ಮುಂಬಯಿಯಲ್ಲಿ ಮಲಬಾರ್ ತೇಗದಿಂದ ಕಟ್ಟಿದ ಟ್ರಿಂಕೋಮಲಿ ಎಂಬ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಇಂದಿಗೂ ನೀರಿನ ಮೇಲಿದೆ. ಆದರೆ ಡೆಕ್ಕಿಗೆ ಬೇಕಾದ ಗಂಟಿಲ್ಲದ, ನೇರ ಎಳೆಯ ಉದ್ದ ಹಲಗೆ ಸಿಗುವುದು ನಿಧಾನವಾಗಿ ಬೆಳೆದ ಕಾಡುಮರದಿಂದ. ಹಾಯಿದೋಣಿಗಳ ಜಗತ್ತು ಅದನ್ನು ಬಹುಕಾಲ ತರಿಸಿಕೊಂಡದ್ದು ಮ್ಯಾನ್ಮಾರಿನಿಂದ. 2021ರ ಫೆಬ್ರವರಿಯಲ್ಲಿ ಅಲ್ಲಿ ಸೇನೆ ಅಧಿಕಾರ ಹಿಡಿದ ಮೇಲೆ, ಅದೇ ವರ್ಷ ಅಮೆರಿಕವೂ ಐರೋಪ್ಯ ಒಕ್ಕೂಟವೂ ಅಲ್ಲಿನ ಸರ್ಕಾರಿ ಮರದ ಸಂಸ್ಥೆಯ ಮೇಲೆ ನಿರ್ಬಂಧ ಹೇರಿದವು. ನೆಡುತೋಪಿನ ತೇಗ ಸಿಗುತ್ತದೆ, ಗಂಟು ಜಾಸ್ತಿ. ಪಿವಿಸಿಯೂ ಪುಣ್ಯದ ವಸ್ತುವೇನಲ್ಲ, ಕಿತ್ತು ಎಸೆದ ಮೇಲೆ ಅದನ್ನು ಮರುಬಳಸುವುದು ಕಷ್ಟ. ಹಾಗೆಂದೇ ಮೇಲಿನ ಉತ್ತರದಲ್ಲಿ ಎಷ್ಟು ಕಡಿಮೆ ಜಾಗಕ್ಕೆ ಸಾಧ್ಯವೋ ಅಷ್ಟಕ್ಕೆ ಹಾಕಿ ಎಂದಿದ್ದೇನೆ.

ಪ್ರಶ್ನೆ: ಹೊಸದಾಗಿ ಹಾಕಿಸಿದ ಪಿವಿಸಿ ಡೆಕ್ಕಿನ ಮೇಲೆ ಚಿತ್ರಾನ್ನ ಚೆಲ್ಲಿ ಅರಿಸಿನದ ಕಲೆಯಾಗಿದೆ. ಏನು ಹಚ್ಚಬೇಕು?
— ಓದುಗರೊಬ್ಬರು, ಸಿಡ್ನಿ

ಉತ್ತರ: ಏನೂ ಹಚ್ಚಬೇಡಿ. ಸೋಪಿನ ನೀರಿನಲ್ಲಿ ಎಣ್ಣೆಯನ್ನು ತೆಗೆದು ಬಿಸಿಲಿಗೆ ಬಿಡಿ. ಅರಿಸಿನದ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ, ಕೆಲವು ದಿನಗಳಲ್ಲಿ ಮಾಸುತ್ತದೆ. ಡೀಸೆಲ್ಲಿನ ಕಲೆಯಾದರೆ 60ನೇ ನಂಬರಿನ ಉಪ್ಪುಕಾಗದದಿಂದ, ಹಲಗೆಯ ಗೆರೆಗಳ ಉದ್ದಕ್ಕೇ, ಹಗುರವಾಗಿ ಉಜ್ಜಿ. ಹೋಗದ ಕಲೆ ಕೂರುವುದು ರಬ್ಬರಿನಿಂದ. ಕೆಳಗೆ ರಬ್ಬರು ಹಚ್ಚಿದ ಕಾಲೊರೆಸು ಹಾಸಿದ್ದರೆ ಇವತ್ತೇ ತೆಗೆದುಬಿಡಿ.