ಬೇಸಿಗೆಯ ಮಧ್ಯಾಹ್ನ ಅಭಯಾರಣ್ಯದಲ್ಲಿ ನಡೆದರೆ ಹಕ್ಕಿಗಳೇ ಕಾಣುವುದಿಲ್ಲವೇಕೆ?

ಅವು ಅಲ್ಲೇ ಇರುತ್ತವೆ, ಆದರೆ ನೆರಳಿನಲ್ಲಿ ಸುಮ್ಮನೆ ಕೂತಿರುತ್ತವೆ. ಹಕ್ಕಿಗಳಿಗೆ ಬೆವರಿನ ಗ್ರಂಥಿಗಳಿಲ್ಲ. ಮೈಯ ಶಾಖವೋ ಮೊದಲೇ ಸುಮಾರು 40 ಡಿಗ್ರಿ ಸೆಲ್ಸಿಯಸ್. ಬಿಸಿಲೇರಿದಾಗ ಕೊಕ್ಕು ತೆರೆದು ಏದುಸಿರು ಬಿಡುತ್ತಾ, ಬಾಯಿ, ಗಂಟಲಿನ ತೇವ ಆವಿಯಾಗಿ ಹೋಗುವುದರಿಂದಲೇ ಮುಖ್ಯವಾಗಿ ತಂಪಾಗಬೇಕು. ಇದಕ್ಕೆ ಮೈಯ ನೀರು ಖರ್ಚಾಗುತ್ತದೆ, ಹಾರಿದರೆ ಶಾಖ ಇನ್ನೂ ಏರುತ್ತದೆ. ಹಾಗಾಗಿ ಹಾಡು, ಮೇವು ಎರಡನ್ನೂ ಬಹುಪಾಲು ಬೆಳಗಿನಲ್ಲೇ ಮುಗಿಸುತ್ತವೆ.

ನೀವೂ ಸೂರ್ಯೋದಯಕ್ಕೇ ಹೊರಡಿ. ಮೊದಲ 2–3 ಗಂಟೆಯೇ ಚಿನ್ನದಂಥ ಸಮಯ. ಸೂರ್ಯ ಬೆನ್ನಿಗಿರಲಿ, ಇಲ್ಲವಾದರೆ ಬಣ್ಣ ಗೊತ್ತಾಗದೆ ಬರೀ ಕಪ್ಪು ಆಕಾರ ಕಾಣುತ್ತದೆ. ಮಧ್ಯಾಹ್ನವೇ ಹೋಗಬೇಕಾದರೆ ನಡೆಯುತ್ತಲೇ ಇರಬೇಡಿ. ನೀರಿನ ಹತ್ತಿರ, ನೆರಳಿನಲ್ಲಿ 15 ನಿಮಿಷ ಅಲುಗಾಡದೆ ಕೂತರೆ ಕುಡಿಯಲು ಬರುವ ಹಕ್ಕಿಗಳು ಸಿಗಬಹುದು. ಆಕಾಶವನ್ನೂ ನೋಡಿ: ಬಿಸಿಗಾಳಿ ಮೇಲೇಳುವ ಈ ಹೊತ್ತು ಹದ್ದುಗಳಿಗೆ ರೆಕ್ಕೆ ಬಡಿಯದೆ ತೇಲಲು ಅನುಕೂಲ.