ಮೆಣಸಿನ ಮೂಟೆ ಮತ್ತು ರೀ-ಎಂಟ್ರಿಯ ಲೆಕ್ಕ: ಪೋಕರ್ ಟೂರ್ನಿ ಆಟಗಾರರೊಬ್ಬರ ಆಪ್ತಸಲಹೆ ಪ್ರಕರಣ

ಈ ಪ್ರಕರಣವನ್ನು ಸಂಬಂಧಪಟ್ಟವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಊರು, ವಯಸ್ಸು, ಮನೆಯವರ ವಿವರ ಮತ್ತು ಹಣದ ಮೊತ್ತಗಳನ್ನು ಗುರುತು ಸಿಗದಂತೆ ಬದಲಾಯಿಸಿದ್ದೇನೆ. ನನ್ನ ಬಳಿ ಆಪ್ತಸಲಹೆಗೆ ಬಂದ ಆ ಆಟಗಾರರು ದಕ್ಷಿಣ ಕೊಡಗಿನಲ್ಲಿ ರೊಬಸ್ಟಾ ಕಾಫಿ ಮತ್ತು ಕಾಳುಮೆಣಸು ಬೆಳೆಯುವವರಾದ್ದರಿಂದ ಇಲ್ಲಿ ಅವರನ್ನು ಬೆಳೆಗಾರರು ಎಂದೇ ಕರೆಯುತ್ತೇನೆ.

ಕಾಫಿ ಕೊಯ್ಲು ಬಿರುಸಾಗಿದ್ದ ಜನವರಿಯ ಒಂದು ಮಧ್ಯಾಹ್ನ ಅವರು ಪತ್ನಿಯೊಂದಿಗೆ ಬಂದರು. ಕೊಯ್ಲಿನ ಕಾಲದಲ್ಲಿ ತೋಟದವರು ಅರ್ಧ ದಿನ ಬಿಡುವು ಮಾಡಿಕೊಂಡು ಬಂದರೆಂದರೆ ಮನೆಯಲ್ಲಿ ಏನೋ ಮಿತಿ ಮೀರಿದೆ ಎಂದೇ ನಾನು ತಿಳಿಯುತ್ತೇನೆ. ಆದರೆ ಅವರು ಮೊದಲು ಕೇಳಿದ್ದು ಬೇರೆಯೇ ಆಗಿತ್ತು. "ಮೇಡಂ, ನನಗೆ ಆಟ ಗೊತ್ತು. ಟೂರ್ನಿಯ ಕೊನೆಯ ಹಂತದಲ್ಲಿ ತಲೆ ಕೆಡುತ್ತದೆ. ಅದೊಂದನ್ನು ಸರಿ ಮಾಡಿಕೊಡಿ, ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ" ಎಂದರು. ಪತ್ನಿ ಅವರತ್ತ ನೋಡದೆ, "ಇವರು ಮೂಟೆಯ ವಿಷಯ ಹೇಳಲಿಲ್ಲ" ಎಂದರು.

ಕೊಡಗಿನ ಅನೇಕ ಮನೆಗಳಲ್ಲಿ ಒಣಗಿಸಿದ ಕಾಳುಮೆಣಸು ಉಳಿತಾಯ ಖಾತೆಯ ಹಾಗೆ. ಬೆಲೆ ಏರಲೆಂದೋ, ಮಕ್ಕಳ ಕಾಲೇಜು ಶುಲ್ಕಕ್ಕೆಂದೋ ಮೂಟೆಗಳನ್ನು ಎತ್ತಿಟ್ಟಿರುತ್ತಾರೆ. ಕಣ ಗುಡಿಸಲು ಗೋಣಿಚೀಲ ಹುಡುಕುತ್ತಾ ಉಗ್ರಾಣಕ್ಕೆ ಹೋದ ಪತ್ನಿಗೆ ಐದು ಮೂಟೆಗಳಿರಬೇಕಾದಲ್ಲಿ ಮೂರು ಮಾತ್ರ ಕಂಡಿದ್ದವು. ಮೂರನ್ನೂ ಮುಂದಕ್ಕೆಳೆದು, ಹಿಂದೆ ಏನೂ ಇಲ್ಲದಿರುವುದು ತಿಳಿಯದಂತೆ ಜೋಡಿಸಲಾಗಿತ್ತು. ಹಣ ಹೋದದ್ದಕ್ಕಿಂತ ಆ ಜೋಡಣೆಯೇ ತಮ್ಮನ್ನು ಹೆಚ್ಚು ನೋಯಿಸಿತೆಂದು ಅವರು ನಂತರ ಒಂಟಿಯಾಗಿ ಮಾತನಾಡುವಾಗ ಹೇಳಿದರು.

ಬೆಳೆಗಾರರು ಆರೇಳು ವರ್ಷ ಮೊಬೈಲಿನಲ್ಲಿ ಪೋಕರ್ ಆಡಿದವರು. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಅಂಗೀಕರಿಸಿ, ಕೌಶಲದ ಆಟವೋ ಅದೃಷ್ಟದ ಆಟವೋ ಎಂಬ ಭೇದವಿಲ್ಲದೆ ಹಣ ಪಣಕ್ಕಿಡುವ ಎಲ್ಲ ಆನ್‌ಲೈನ್ ಆಟಗಳನ್ನೂ ನಿಷೇಧಿಸಿದ ಮೇಲೆ ಅವರ ಆ್ಯಪ್‌ಗಳು ಹಣದಾಟ ನಿಲ್ಲಿಸಿದವು. ಮನೆಯವರು ನೆಮ್ಮದಿಯ ನಿಟ್ಟುಸಿರು ಬಿಟ್ಟರು. ಆದರೆ ಬೆಳೆಗಾರರು ಗೋವಾದ ಕ್ಯಾಸಿನೋಗಳ ಟೂರ್ನಿಗಳಿಗೆ ಹೋಗತೊಡಗಿದರು. ಐದು ತಿಂಗಳಲ್ಲಿ ಐದು ಪ್ರಯಾಣಗಳಾಗಿದ್ದವು, ಪ್ರತಿ ಬಾರಿಯೂ ಮೆಣಸಿನ ವ್ಯಾಪಾರ ಅಥವಾ ಗೆಳೆಯರ ಮದುವೆಯ ನೆಪವಿತ್ತು.

ಇಂಥವರಿಗೆ "ಆಟ ಬಿಟ್ಟುಬಿಡಿ" ಎಂದು ಮೊದಲ ದಿನವೇ ಹೇಳುವ ಸಲಹೆಗಾರರಿದ್ದಾರೆ. ಹಾಗೆ ಹೇಳಿಸಿಕೊಂಡವರು ಎರಡನೆಯ ಭೇಟಿಗೆ ಬರದೇ ಹೋದದ್ದನ್ನು ನಾನು ಹಲವು ಬಾರಿ ಕಂಡಿದ್ದೇನೆ. ಆದ್ದರಿಂದ ಅವರ ಪ್ರಶ್ನೆಯನ್ನೇ ಗಂಭೀರವಾಗಿ ತೆಗೆದುಕೊಂಡೆ. ನನಗೆ ಪೋಕರ್ ಬರುವುದಿಲ್ಲ, ತಲೆ ಕೆಟ್ಟ ಆ ಒಂದು ಆಟವನ್ನು ಇಲ್ಲಿ ಹಾಕಿ ತೋರಿಸಿ ಎಂದು ಇಸ್ಪೀಟಿನ ಕಟ್ಟು ಕೊಟ್ಟೆ.

ಅವರು ಮೇಜಿನ ಮೇಲಿದ್ದ ಕಡತಗಳನ್ನು ಬದಿಗೆ ಸರಿಸಿ ಎಲೆಗಳನ್ನಿಟ್ಟರು. ಇನ್ನೊಬ್ಬ ಆಟಗಾರ ಹೊರಬಿದ್ದರೆ ಉಳಿದವರೆಲ್ಲರಿಗೂ ಬಹುಮಾನ ಖಚಿತವಾಗುವ ಘಟ್ಟ ಅದು. ಆಟಗಾರರು ಅದನ್ನು ಬಬಲ್ ಎನ್ನುತ್ತಾರೆ. ಅವರ ಮೇಜಿನಲ್ಲಿ ಚಿಪ್ಸ್ (ಪಣಕ್ಕಿಡುವ ಬಿಲ್ಲೆಗಳು) ಸಂಖ್ಯೆಯಲ್ಲಿ ಅವರು ಎರಡನೆಯವರು, ಎದುರಿಗಿದ್ದವನು ಮೊದಲನೆಯವನು. ಇವರ ಕೈಯಲ್ಲಿ ಎಕ್ಕ ಮತ್ತು ರಾಜ. ಎದುರಿನವನು ಎಲ್ಲ ಚಿಪ್ಸ್ ಮುಂದೆ ತಳ್ಳಿದ (ಇದನ್ನೇ ಆಲ್-ಇನ್ ಎನ್ನುತ್ತಾರೆ), ಇವರೂ ಒಪ್ಪಿದರು. ಅವನು ತೆರೆದದ್ದು ಎರಡು ರಾಣಿ, ಅಂದರೆ ಆಗಲೇ ಒಂದು ಜೋಡಿ. ಎಲ್ಲರಿಗೂ ಸೇರಿದ ಮೇಜಿನ ಐದು ಎಲೆಗಳಲ್ಲಿ ಇವರಿಗೆ ಜೋಡಿ ಕೂಡಿಸಬಲ್ಲ ಎಕ್ಕವೂ ಬರಲಿಲ್ಲ, ರಾಜನೂ ಬರಲಿಲ್ಲ. "ಬ್ಯಾಡ್ ಲಕ್" ಎಂದು ಅವರು ಎಲೆಗಳನ್ನು ಕೂಡಿಸಹೊರಟಾಗ ನಾನು ತಡೆದೆ.

ಗೆಲ್ಲುವ ಸಾಧ್ಯತೆ ಎಷ್ಟಿತ್ತೆಂದು ಕೇಳಿದ್ದಕ್ಕೆ ಶೇ 43ರ ಆಸುಪಾಸು ಎಂದು ತಡವರಿಸದೆ ಹೇಳಿದರು. ಇನ್ನೂ ಮುಖ್ಯವಾದುದನ್ನೂ ಅವರೇ ವಿವರಿಸಿದರು. ಟೂರ್ನಿಯಲ್ಲಿ ಚಿಪ್ಸ್ ಎಂದರೆ ಹಣವಲ್ಲ. ಎಲ್ಲ ಚಿಪ್ಸ್ ಗೆದ್ದವನಿಗೂ ಸಿಗುವುದು ಮೊದಲ ಸ್ಥಾನದ ಪಾಲು ಮಾತ್ರ, ಇಡೀ ಬಹುಮಾನದ ಮೊತ್ತವಲ್ಲ. ಹೀಗಾಗಿ ಚಿಪ್ಸ್ ಎರಡರಷ್ಟಾದರೆ ನಿರೀಕ್ಷಿತ ಬಹುಮಾನ ಎರಡರಷ್ಟಾಗುವುದಿಲ್ಲ, ಆದರೆ ಚಿಪ್ಸ್ ಪೂರ್ತಿ ಹೋದರೆ ಅದು ಪೂರ್ತಿಯಾಗಿಯೇ ಹೋಗುತ್ತದೆ. ಅದಕ್ಕಾಗಿಯೇ ಬಬಲ್ ಹಂತದಲ್ಲಿ ಎರಡನೆಯ ದೊಡ್ಡ ಸ್ಟ್ಯಾಕ್ (ಚಿಪ್ಸ್ ರಾಶಿ) ಇರುವವನು, ತನ್ನನ್ನು ಹೊರಹಾಕಬಲ್ಲ ಒಬ್ಬನೇ ಆಟಗಾರನೊಂದಿಗೆ ಸೆಣಸುವುದನ್ನು ಬಿಟ್ಟು ಸಣ್ಣ ಸ್ಟ್ಯಾಕ್‌ಗಳ ಮೇಲೆ ಒತ್ತಡ ಹಾಕಬೇಕು. ಇದೆಲ್ಲ ಅವರಿಗೆ ಪಾಠದಂತೆ ಬಾಯಲ್ಲಿತ್ತು. ಹಾಗಿದ್ದರೆ ಒಪ್ಪಿದ್ದೇಕೆ ಎಂದೆ. ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: "ಅವನು ಮೂರು ಸಲ ನನ್ನನ್ನು ಹೆದರಿಸಿ ಚಿಪ್ಸ್ ಕಿತ್ತುಕೊಂಡಿದ್ದ. ನಾಲ್ಕನೆಯ ಸಲ ಬಿಟ್ಟುಕೊಡಲು ಮನಸ್ಸಾಗಲಿಲ್ಲ." ಆ ನಿರ್ಧಾರದಲ್ಲಿ ಎಲೆಗಳ ಪಾತ್ರ ಬಹಳ ಕಡಿಮೆ ಇತ್ತೆಂಬುದು ನಮ್ಮಿಬ್ಬರಿಗೂ ಒಟ್ಟಿಗೇ ಅರ್ಥವಾಯಿತು.

ಅಂದು ಇನ್ನೊಂದು ಲೆಕ್ಕವನ್ನೂ ಮಾಡಿದೆವು. ಪ್ರತಿ ಬಾರಿಯೂ ಶೇ 80ರಷ್ಟು ಗೆಲ್ಲುವ ಸಾಧ್ಯತೆಯಿದ್ದಾಗ ಮಾತ್ರ ಆಲ್-ಇನ್ ಮಾಡುವ ಅತ್ಯಂತ ಜಾಗರೂಕ ಆಟಗಾರ ಕೂಡ, ಅಂಥ ಐದು ಸಂದರ್ಭಗಳನ್ನು ಸತತವಾಗಿ ಗೆದ್ದು ಉಳಿಯುವ ಸಾಧ್ಯತೆ ಶೇ 33 ಮಾತ್ರ. ಅಂದರೆ ಸರಿಯಾಗಿ ಆಡಿದರೂ ಹೆಚ್ಚಿನ ಟೂರ್ನಿಗಳಲ್ಲಿ ಬರಿಗೈಯಲ್ಲಿ ಬರಬೇಕಾಗುತ್ತದೆ. ಬರಿಗೈಯಲ್ಲಿ ಬಂದ ಆ ರಾತ್ರಿ ಏನು ಮಾಡುತ್ತೀರಿ ಎಂಬುದೇ ನನ್ನ ದೃಷ್ಟಿಯಲ್ಲಿ ಟೂರ್ನಿ ತಂತ್ರದ ದೊಡ್ಡ ಭಾಗ.

ಎರಡನೆಯ ಭೇಟಿಗೆ ಅವರ ತೋಟದ ಚೆಕ್‌ರೋಲ್ ತರಲು ಹೇಳಿದ್ದೆ. ಯಾರು ಎಷ್ಟು ಕಿಲೋ ಹಣ್ಣು ಕೊಯ್ದರು, ಯಾರಿಗೆ ಮುಂಗಡ ಕೊಟ್ಟದ್ದು ಎಷ್ಟು, ಶನಿವಾರದ ಬಟವಾಡೆಯಲ್ಲಿ ಮುರಿದುಕೊಂಡದ್ದು ಎಷ್ಟು ಎಂಬುದೆಲ್ಲ ಮುತ್ತಿನಂಥ ಅಕ್ಷರಗಳಲ್ಲಿತ್ತು, ಒಂದು ರೂಪಾಯಿಯೂ ಹೆಚ್ಚುಕಡಿಮೆ ಇರಲಿಲ್ಲ. ಅದೇ ಕೈಯಿಂದ ಅದೇ ರೀತಿ ಗೋವಾದ ಲೆಕ್ಕ ಬರೆಯಲು ಕೇಳಿದೆ. ಅವರ ನೆನಪಿನಲ್ಲಿದ್ದದ್ದು 1,40,000 ರೂಪಾಯಿ ಗೆದ್ದ ಒಂದು ರಾತ್ರಿ, ಒಟ್ಟಾರೆ "ಸ್ವಲ್ಪ ಹೆಚ್ಚುಕಡಿಮೆ ಸಮ" ಎಂಬ ಭಾವನೆ. ಹಾಳೆಯಲ್ಲಿ ಮೂಡಿದ್ದು ಹೀಗಿತ್ತು: 15,000 ರೂಪಾಯಿ ಪ್ರವೇಶ ಶುಲ್ಕದ 11 ಟೂರ್ನಿಗಳಿಗೆ 1,65,000, ಸೋತು ಹೊರಬಿದ್ದ ಮೇಲೆ ಮತ್ತೆ ಶುಲ್ಕ ಕಟ್ಟಿದ 9 ರೀ-ಎಂಟ್ರಿಗಳಿಗೆ 1,35,000, ಪ್ರಯಾಣ, ವಸತಿಗೆ 60,000. ಮೂರು ಬಾರಿ ಬಹುಮಾನ ಬಂದಿತ್ತು. ಆದರೆ ಇಸ್ಪೀಟಿನ ಗೆಲುವಿಗೆ ಶೇ 30ರ ತೆರಿಗೆಯಿದೆ, ಸೋತ ಹಣವನ್ನು ಅದರಲ್ಲಿ ಕಳೆಯಲು ಕಾನೂನು ಅವಕಾಶ ಕೊಡುವುದಿಲ್ಲ. ಕೈಗೆ ಉಳಿದದ್ದು ಸುಮಾರು 1,50,000. ಒಟ್ಟು ಖರ್ಚಾದ 3,60,000ದಲ್ಲಿ ಅದನ್ನು ಕಳೆದರೆ ಹೋದದ್ದು 2,10,000.

ಆ ಒಂಬತ್ತು ರೀ-ಎಂಟ್ರಿಗಳ ಎದುರು ಸಮಯ ಬರೆಸಿದೆ. ಏಳು, ಹೊರಬಿದ್ದ ಕಾಲು ಗಂಟೆಯೊಳಗೆ ನಡೆದಿದ್ದವು. ಅವುಗಳಲ್ಲಿ ಹೆಚ್ಚಿನವು ಪ್ರವೇಶ ಮುಚ್ಚುವ ಕೊನೆಯ ಹಂತದಲ್ಲಿ. ಟೂರ್ನಿ ಶುರುವಾಗುವಾಗ 25,000 ಚಿಪ್ಸ್, ದೊಡ್ಡ ಬ್ಲೈಂಡ್ (ಎಲೆ ನೋಡುವ ಮೊದಲೇ ಸರದಿಯಂತೆ ಕಟ್ಟಲೇಬೇಕಾದ ಪಣ, ಹೊತ್ತು ಕಳೆದಂತೆ ಏರುತ್ತದೆ) 200. ಅಂದರೆ ಕೈಯಲ್ಲಿ 125 ಬ್ಲೈಂಡ್‌ಗಳಷ್ಟು ಬಲವಿರುತ್ತದೆ. ದೊಡ್ಡ ಬ್ಲೈಂಡ್ 1,000 ಆದಾಗ ಅದೇ ಶುಲ್ಕಕ್ಕೆ ಅದೇ 25,000 ಚಿಪ್ಸ್ ಸಿಕ್ಕರೂ ಅದು 25 ಬ್ಲೈಂಡ್ ಮಾತ್ರ. ಒಂದೆರಡು ಕೈ ಸೋತು ಹತ್ತು ಬ್ಲೈಂಡ್‌ಗೆ ಇಳಿದರೆ ಆಲ್-ಇನ್ ಅಥವಾ ಎಲೆ ಎಸೆಯುವುದು, ಇವೆರಡೇ ದಾರಿ. ಯೋಚಿಸಿ ಆಡುವ ಅವಕಾಶ ಇಲ್ಲದ ಜಾಗಕ್ಕೆ, ಯೋಚಿಸಲಾರದ ಮನಃಸ್ಥಿತಿಯಲ್ಲಿ, ಅವರು ಪೂರ್ಣ ಬೆಲೆ ಕೊಟ್ಟು ಹೋಗುತ್ತಿದ್ದರು. ಮಾರಿದ ಎರಡು ಮೂಟೆಯ ಹಣ ಸೇರಿದ್ದು ಹೆಚ್ಚುಕಡಿಮೆ ಪೂರ್ತಿ ಈ ಕಾಲಂನೊಳಗೆ.

ಜೂಜಿನ ವ್ಯಸನವನ್ನು ಗುರುತಿಸಲು ಮನೋವೈದ್ಯರು ಬಳಸುವ ಕೈಪಿಡಿ ಡಿಎಸ್‌ಎಂ-5ರಲ್ಲಿ ಒಂಬತ್ತು ಲಕ್ಷಣಗಳಿವೆ. ಒಂದು ವರ್ಷದ ಅವಧಿಯಲ್ಲಿ ನಾಲ್ಕು ಕಂಡರೆ ಅದು ವ್ಯಸನ. ಕಳೆದುಕೊಂಡದ್ದನ್ನು ಮರಳಿ ಪಡೆಯಲು ಮತ್ತೆ ಆಡುವುದು, ಮುಚ್ಚಿಡುವುದು, ಪಣದ ಮೊತ್ತ ಏರಿಸುತ್ತಾ ಹೋಗುವುದು, ಮನಸ್ಸು ಕುಗ್ಗಿದಾಗ ಆಟಕ್ಕೆ ಮೊರೆಹೋಗುವುದು ಇವರಲ್ಲಿ ಸ್ಪಷ್ಟವಾಗಿದ್ದವು. ಇದನ್ನು ಅವರಿಗೆ ನೇರವಾಗಿ ಹೇಳಿದೆ. ಮಡಿಕೇರಿಯಲ್ಲಿ ಮನೋವೈದ್ಯರನ್ನು ಕಾಣಲು ಪತ್ರ ಕೊಟ್ಟೆ. ರಾತ್ರಿ ಹೊತ್ತು ಆಸೆ ಒತ್ತಿಬಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಲು ಹೇಳಿದೆ. ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ನಾನು ಕೊಟ್ಟ ಸಲಹೆಯ ಮೊದಲ ಭಾಗ ಕಟ್ಟುನಿಟ್ಟಾಗಿತ್ತು. ಕೊಯ್ಲು ಮುಗಿದು, ಹೂಮಳೆ ಬಂದು ಹೋಗುವವರೆಗೆ, ಅಂದರೆ ಮೂರು ತಿಂಗಳಿಗೆ ಕಡಿಮೆಯಿಲ್ಲದಂತೆ, ಹಣವಿಟ್ಟು ಒಂದೂ ಆಟ ಆಡಬಾರದು. ವಿದೇಶಿ ಆ್ಯಪ್ ತೋರಿಸಿಕೊಡುತ್ತೇನೆಂದ ಗೆಳೆಯನಿಗೆ ಇಲ್ಲವೆನ್ನಬೇಕು, ಏಕೆಂದರೆ ಅಲ್ಲಿ ಕಟ್ಟಿದ ಹಣ ಮುಳುಗಿದರೆ ಕೇಳಲು ಯಾರೂ ಇಲ್ಲ. ಬ್ಯಾಂಕಿನ ಕಾರ್ಡು ಮತ್ತು ಉಗ್ರಾಣದ ಬೀಗದ ಕೈ ಪತ್ನಿಯ ಬಳಿ ಇರಬೇಕು. ಇದಕ್ಕೆ ಅವರು ತಕ್ಷಣ ಒಪ್ಪಲಿಲ್ಲ. "ಅವ್ವನ ಎದುರು ಮರ್ಯಾದೆ ಹೋಗುತ್ತದೆ" ಎಂದರು. ನಮ್ಮಲ್ಲಿ ಮದುವೆಮನೆಯ ಇಸ್ಪೀಟು ಯಾರಿಗೂ ತಪ್ಪೆನಿಸುವುದಿಲ್ಲ, ಆದರೆ ಸೋಲು ಬಾಯಿಬಿಟ್ಟು ಹೇಳುವುದು ಮಾತ್ರ ಅವಮಾನವೆನಿಸುತ್ತದೆ. ಈ ಮನೋಭಾವ ಎಷ್ಟು ತೋಟಗಳನ್ನು ಸಾಲಕ್ಕೆ ನೂಕಿದೆಯೋ ಎಂದು ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ತಾಯಿಗೆ ವಿಷಯ ತಿಳಿಸುವ ಕೆಲಸವನ್ನು ಕೊನೆಗೆ ಅವರೇ ಮಾಡಿದರು.

ಎರಡನೆಯ ಭಾಗ ಅವರ ಪ್ರಶ್ನೆಗೆ ಉತ್ತರವಾಗಿತ್ತು. ಟೂರ್ನಿ ಆಡುವವನ ಬಳಿ ಆಟಕ್ಕೆಂದೇ ಎಷ್ಟು ಹಣವಿರಬೇಕೆಂದು ಬಲ್ಲ ಆಟಗಾರರು ಹೇಳುತ್ತಾರೆ ಎಂದು ಕೇಳಿದೆ. ಪ್ರವೇಶ ಶುಲ್ಕದ ನೂರು ಪಟ್ಟಾದರೂ ಇರಬೇಕು ಎಂದರು. ಹದಿನೈದು ಸಾವಿರದ ನೂರು ಪಟ್ಟೆಂದರೆ ಹದಿನೈದು ಲಕ್ಷ. ಆ ಮೊತ್ತವನ್ನು ಅವರಿಂದಲೇ ಬರೆಸಿದೆ. ಬರೆದು ಪೆನ್ನು ಕೆಳಗಿಟ್ಟರು, ಪತ್ನಿಯ ಮುಖ ನೋಡಿದರು. ಬೆಳೆ ಸಾಲ, ಗೊಬ್ಬರ, ಮನೆಖರ್ಚು ಕಳೆದು ವರ್ಷಕ್ಕೆ ಮನಸಾರೆ ಕಳೆದುಕೊಳ್ಳಬಹುದಾದದ್ದು 30,000 ಎಂದು ಇಬ್ಬರೂ ಸೇರಿ ತೀರ್ಮಾನಿಸಿದರು. ಮುಂದೆಂದಾದರೂ ಆಡುವುದಾದರೆ ಆ ಮಿತಿಯೊಳಗೆ, ರೀ-ಎಂಟ್ರಿ ಇಲ್ಲದೆ, ಹಿಂದಿರುಗುವ ಟಿಕೆಟ್ ಮೊದಲೇ ತೆಗೆದು, ಮನೆಯಲ್ಲಿ ಹೇಳಿ ಹೋಗಬೇಕು. ಆಡಿದ ಪ್ರತಿ ದೊಡ್ಡ ಕೈಯ ಎದುರು ಎರಡು ಸಾಲು ಬರೆಯಬೇಕು: ಲೆಕ್ಕ ಏನು ಹೇಳಿತು, ಆ ಕ್ಷಣ ಮನಸ್ಸು ಏನು ಹೇಳಿತು. ಇವೆರಡರ ನಡುವಿನ ಅಂತರ ಕಾಣತೊಡಗಿದ ದಿನ ಆಟ ಸುಧಾರಿಸುತ್ತದೆ, ಅಥವಾ ಬಿಟ್ಟುಹೋಗುತ್ತದೆ ಎಂದೆ.

ಮೂರು ತಿಂಗಳು ಅವರು ಮಾತು ಉಳಿಸಿಕೊಂಡರು. ಮನೋವೈದ್ಯರ ಬಳಿಯೂ ಹೋಗಿ ಬಂದರು. ಮೇ ತಿಂಗಳಲ್ಲಿ ಒಂದು ಟೂರ್ನಿಗೆ ಹೋಗುತ್ತೇನೆಂದಾಗ ನಾನು ಒಪ್ಪಲಿಲ್ಲ. ವ್ಯಸನದ ಲಕ್ಷಣ ಕಂಡವರಿಗೆ ಪೂರ್ತಿ ದೂರವಿರುವುದೇ ಕ್ಷೇಮ ಎಂಬುದು ನನ್ನ ಅಭಿಪ್ರಾಯ, ಅದನ್ನು ಅಂದೂ ಹೇಳಿದೆ. ಅವರು ಮನೆಯಲ್ಲಿ ತಿಳಿಸಿಯೇ ಹೋದರು. ಮರುವಾರ ತಂದ ಪುಸ್ತಕದಲ್ಲಿ ಒಂದೇ ಪುಟ ತುಂಬಿತ್ತು. ಎರಡನೆಯ ಗಂಟೆಯಲ್ಲಿ ಹೊರಬಿದ್ದಿದ್ದರು. ರೀ-ಎಂಟ್ರಿ ಕಾಲಂನಲ್ಲಿ ಸೊನ್ನೆ, ಅದರ ಮುಂದೆ "ಕೈ ನಡುಗುತ್ತಿತ್ತು, ಹೊರಗೆ ಬಂದು ಮನೆಗೆ ಫೋನ್ ಮಾಡಿದೆ" ಎಂದಿತ್ತು.

ಪತ್ನಿ ಈಗಲೂ ಪ್ರತಿ ಶನಿವಾರ ಬಟವಾಡೆಯ ನಂತರ ಉಗ್ರಾಣದ ಬಾಗಿಲು ತೆರೆದು ಮೂಟೆಗಳನ್ನು ಎಣಿಸುತ್ತಾರಂತೆ. ಇದು ಇನ್ನೆಷ್ಟು ದಿನ ಎಂದು ಬೆಳೆಗಾರರು ನನ್ನನ್ನು ಕೇಳಿದರು. ಅದನ್ನು ನಿಲ್ಲಿಸೆಂದು ಅವರನ್ನು ಕೇಳಬೇಡಿ, ಸಾಧ್ಯವಾದರೆ ಜೊತೆಯಲ್ಲಿ ನಿಂತು ಎಣಿಸಿ ಎಂದು ಹೇಳಿ ಕಳುಹಿಸಿದ್ದೇನೆ.