ಆ ಡ್ರಮ್ಮಿನ ಹತ್ತಿರ ಹೋಗಿ

ನಮಸ್ಕಾರ. ನೈಜೀರಿಯಾದ ನೈಜರ್ ಡೆಲ್ಟಾದಲ್ಲಿ ಕದ್ದ ಕಚ್ಚಾ ತೈಲ ಕಾಯಿಸುವ ಕಳ್ಳ ಭಟ್ಟಿಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ಒಳ್ಳೆಯದು, ಓದಿಕೊಂಡೇ ಬರೆದಿದ್ದೀರಿ. ಇನ್ನು ಸಿಟ್ಟು ಬಂದದ್ದೆಲ್ಲಿ ಅಂತ ಹೇಳುತ್ತೇನೆ.

ಮೊದಲ ಸಾಲು: 'ಪ್ರಕೃತಿಮಾತೆ ಕಪ್ಪು ಕಣ್ಣೀರು ಸುರಿಸುತ್ತಿದ್ದಾಳೆ.' ಹೊಡೆದುಹಾಕಿ. ಎರಡನೆಯದು: 'ದುರಾಸೆಯ ಬೆಂಕಿಗೆ ಕಾಂಡ್ಲಾ ಕಾಡು ಬಲಿಯಾಗಿದೆ.' ಹಿನ್ನೀರಿನ ಮ್ಯಾಂಗ್ರೋವ್ ಕಾಡಿಗೇ ಬೆಂಕಿ ಬಿತ್ತೇನೋ ಅಂದುಕೊಳ್ಳುತ್ತಾರೆ ಓದುವವರು. ನಿಜವಾಗಿ ಆಗುವುದೇನು? ಅದು ಮೂರನೇ ಪುಟದಲ್ಲಿ ಅಡಗಿ ಕೂತಿದೆ. ಪೈಪ್‌ಲೈನ್ ಕೊರೆದು ತಂದ ಎಣ್ಣೆಯನ್ನು ಡ್ರಮ್ಮಿಗೆ ಸುರಿದು ಕೆಳಗೆ ಬೆಂಕಿ ಹಾಕುತ್ತಾರೆ. ಆವಿ ಕೊಳವೆಯಲ್ಲಿ ಹಾದು, ನೀರಲ್ಲಿ ತಣಿದು, ಸೀಮೆಎಣ್ಣೆ, ಡೀಸೆಲ್ ಆಗಿ ಇಳಿಯುತ್ತದೆ. ಉಳಿದ ಡಾಂಬರಿನಂಥ ಗಷ್ಟು ಸೀದಾ ಹಿನ್ನೀರಿಗೆ. ಭರತ ಬಂದಾಗ ಅದು ಕಾಂಡ್ಲಾ ಬೇರುಗಳಿಗೆ ಮೆತ್ತಿಕೊಳ್ಳುತ್ತದೆ. ಬೇರಿನ ಮೇಲಿನ ಸಣ್ಣ ರಂಧ್ರಗಳು ಮುಚ್ಚುತ್ತವೆ, ಮರ ಉಸಿರು ಕಟ್ಟಿ ಸಾಯುತ್ತದೆ. ಇಷ್ಟು ಗೊತ್ತಿದ್ದೂ ಕಣ್ಣೀರು ಯಾಕೆ ಬೇಕಿತ್ತು?

ನಾನು ಪತ್ರಿಕೆಗೆ ಸೇರಿದ ಹೊಸತರಲ್ಲಿ ಹಿರಿಯ ಉಪಸಂಪಾದಕರೊಬ್ಬರಿದ್ದರು. ಅಯ್ಯೋ, ಛೇ ಅನ್ನಿಸುವ ಪದಗಳನ್ನೆಲ್ಲ ಕೆಂಪು ಶಾಯಿಯಲ್ಲಿ ಹೊಡೆದು, ಉಳಿದದ್ದನ್ನು ನಮ್ಮಿಂದಲೇ ಜೋರಾಗಿ ಓದಿಸುತ್ತಿದ್ದರು. ಕೆಲವೊಮ್ಮೆ ಓದೋಕೆ ಏನೂ ಉಳಿಯುತ್ತಿರಲಿಲ್ಲ. ಅವರು ಬೈಯುತ್ತಿರಲಿಲ್ಲ, ಸುಮ್ನೆ ಚಹಾ ತರಿಸುತ್ತಿದ್ದರು. ಬೈದಿದ್ದರೇ ವಾಸಿ ಅನ್ನಿಸುತ್ತಿತ್ತು.

ಇನ್ನೊಂದು ನನಗೆ ಜಾಸ್ತಿ ಚುಚ್ಚಿದ್ದು. 'ಈ ದುರುಳರೇ ಬೋಡೋ ಊರನ್ನು ಹಾಳುಗೆಡವಿದರು' ಅಂತ ಭಟ್ಟಿಯ ಹುಡುಗರ ತಲೆಗೇ ಎಲ್ಲ ಕಟ್ಟಿದ್ದೀರಿ. ಭಟ್ಟಿ ಮಾಡಿದ ಹಾನಿ ನಿಜ. 2011ರ ವಿಶ್ವಸಂಸ್ಥೆಯ ವರದಿಯೂ ಅದನ್ನು ಹೇಳುತ್ತದೆ. ಆದರೆ ಬೋಡೋದಲ್ಲಿ 2008ರಲ್ಲಿ ಎರಡು ಸಲ ಸೋರಿದ್ದು ಶೆಲ್ ಕಂಪನಿಯ ಪೈಪ್‌ಲೈನ್ ಅಲ್ವಾ? 2015ರಲ್ಲಿ ಕಂಪನಿ 5.5 ಕೋಟಿ ಪೌಂಡ್ ಪರಿಹಾರಕ್ಕೆ ಒಪ್ಪಿತು. ನಿಮ್ಮ ಲೇಖನದಲ್ಲಿ ಆ ಕಂಪನಿಯ ಹೆಸರೇ ಇಲ್ಲ. 'ದುರುಳರು' ಮಾತ್ರ ನಾಲ್ಕು ಕಡೆ ಇದ್ದಾರೆ.

ಕುಮಟಾದವರು ಅಂತ ಬರೆದಿದ್ದೀರಿ. ಅಘನಾಶಿನಿಯಲ್ಲಿ ಇಳಿತದ ಹೊತ್ತಿಗೆ ಬಳಚಿನ ಚಿಪ್ಪು ಆರಿಸುವವರನ್ನು ನೋಡಿಯೇ ಇರುತ್ತೀರಿ. ನೈಜರ್ ಡೆಲ್ಟಾದಲ್ಲೂ ಹೆಂಗಸರು ಹೀಗೇ ಕೆಸರಲ್ಲಿ ಬಸವನಹುಳು, ಚಿಪ್ಪು ಹೆಕ್ಕುತ್ತಾರೆ. ಎಣ್ಣೆ ಮೆತ್ತಿದ ಮೇಲೆ ಅವರ ಬುಟ್ಟಿಗೆ ಏನು ಬಿತ್ತು? ಅದಕ್ಕೊಂದು ಪ್ಯಾರಾ ಕೊಡಿ. ಮೊದಲ ಎರಡು ಪುಟ ತೆಗೆದು, ಡ್ರಮ್ಮಿನಿಂದಲೇ ಶುರುಮಾಡಿ ಕಳಿಸಿ. ಮುಂದಿನ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ.